ಯಾವ ಮೀನು ಅಂತ ಕೇಳಲೇ ಇಲ್ಲ

ನಮ್ಮೂರು ಬಾಣಾವರ. ಹೊಳೆ ಇಲ್ಲದ ಸೀಮೆ. ತೆಂಗಿನ ತೋಟ, ಬೋರ್‌ವೆಲ್, ಒಳ್ಳೇ ಮಳೆ ಬಂದ ವರ್ಷ ತುಂಬುವ ಕೆರೆ. ನಾನು ಗಾಳ ಹಾಕೋದು ಕಲಿತದ್ದು ಆ ಕೆರೆಯಲ್ಲಿ. ಒಂದು ಭಾನುವಾರ ಮೀನಿನ ಟೆಂಡರ್ ಹಿಡಿದವರ ಕಡೆಯ ಕಾವಲುಗಾರ ಬಂದು ನನ್ನ ಬಿದಿರುಕಡ್ಡಿ ಮುರಿದು, "ಕಳ್ ನನ್ಮಗನೆ" ಅಂತ ಅಟ್ಟಿಸಿಕೊಂಡು ಬಂದ. ಡಬ್ಬದಲ್ಲಿದ್ದದ್ದು ಎರಡು ಗೆಂಡೆ ಮರಿ. ಅವನು ಡಬ್ಬದ ಕಡೆ ನೋಡಲೂ ಇಲ್ಲ.

ಇದು ನೆನಪಾಗಿದ್ದು ಎಷ್ಟೋ ವರ್ಷ ಆದಮೇಲೆ, ಆಫೀಸಿನವರ ಜೊತೆ ಟೀಮ್ ಔಟಿಂಗ್ ಅಂತ ಭೀಮೇಶ್ವರಿಗೆ ಹೋದಾಗ. ಕನ್ನಂಬಾಡಿ ಕಟ್ಟೆಯಿಂದ ಬಿಟ್ಟ ನೀರು ಶಿವನಸಮುದ್ರದಲ್ಲಿ ಧುಮುಕಿ, ಕಾಡಿನ ನಡುವೆ ಮೇಕೆದಾಟಿನ ಕಡೆ ಹರಿಯುವ ಜಾಗ ಅದು. ಮಹಶೀರ್ ಮೀನಿನ ಗಾಳಕ್ಕೆ ಒಂದು ಕಾಲದಲ್ಲಿ ಲೋಕಪ್ರಸಿದ್ಧ. ತೆಪ್ಪ ನಡೆಸುತ್ತಿದ್ದ ಹಿರಿಯರೊಬ್ಬರು ಹೇಳಿದರು: "ಹುಡುಗ್ರಾಗಿದ್ದಾಗ ನಾವೂ ತ್ವಾಟೆ ಹಾಕಿದ್ದೋ ಸ್ವಾಮಿ. ಆಮೇಲೆ ಅದೇ ಮೀನು ಕಾಯೋಕೆ ಸಂಬ್ಳ ಕೊಟ್ರು. ಈಗ ಎರಡೂ ಇಲ್ಲ."

ಈ 'ಎರಡೂ ಇಲ್ಲ'ದ ಹಿಂದಿನ ಕತೆ ನೋಡಿ. ಕಾವೇರಿ ಮಹಶೀರ್ ಸಣ್ಣ ಜೀವ ಅಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕೆಜಿ ತೂಗಿತ್ತು. ಇಂಥ ಮೀನಿನ ಆಸೆಗೆ ವಿದೇಶದಿಂದಲೂ ಜನ ಬರುತ್ತಿದ್ದರು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಜಂಗಲ್ ಲಾಡ್ಜಸ್ ಶಿಬಿರಗಳಿದ್ದವು. ಹಿಡಿ, ತೂಕ ಬರೆ, ವಾಪಸ್ ಬಿಡು ಅನ್ನೋದು ನಿಯಮ. ಕಳ್ಳತನದಲ್ಲಿ ಮೀನು ಹೊಡೆಯುತ್ತಿದ್ದ ಊರಿನವರಿಗೇ ಅಲ್ಲಿ ಕೆಲಸ ಸಿಕ್ಕಿತ್ತು.

ಆದರೆ ಈ ಜಾಗ 1987ರಿಂದ ಕಾವೇರಿ ವನ್ಯಜೀವಿ ಅಭಯಾರಣ್ಯ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಆದಾಗ 'ಪ್ರಾಣಿ' ಅನ್ನೋ ಪದದ ವ್ಯಾಖ್ಯೆಯೊಳಗೆ ಮೀನೂ ಸೇರಿತು. ಹಿಡಿಯುವುದು, ಆಮಿಷ ಒಡ್ಡುವುದು ಕೂಡ ಆ ಕಾಯ್ದೆ ಪ್ರಕಾರ ಬೇಟೆಯೇ. ಹಿಡಿದು ಬಿಟ್ಟರೂ ಬೇಟೆ ಬೇಟೆಯೇ ತಾನೆ? 2012ರ ಹೊತ್ತಿಗೆ ಅಲ್ಲಿ ಗಾಳ ನಿಂತಿತು.

ಇಲ್ಲಿಯವರೆಗೆ ನನಗೆ ಕಾಯ್ದೆಯ ಮೇಲೆ ಸಿಟ್ಟಿಲ್ಲ. ಹಳ್ಳಿಯವನು ಸಾರಿಗೆ ಅಂತ ಹಿಡಿದರೆ ಅಪರಾಧ, ದುಡ್ಡು ಕೊಟ್ಟವನು ಫೋಟೊಗೆ ಹಿಡಿದರೆ ಸಂರಕ್ಷಣೆ ಅನ್ನೋ ವ್ಯವಸ್ಥೆ ನನ್ನ ಬಿದಿರುಕಡ್ಡಿ ಮುರಿದವನ ವ್ಯವಸ್ಥೆಯೇ. ಅದು ಹೋಗಿದ್ದಕ್ಕೆ ನಾನು ಅಳಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ದಾಖಲೆಯನ್ನು ಸಂಶೋಧಕರು ಕೂತು ಓದಿ 2015ರಲ್ಲಿ ಪ್ರಕಟಿಸಿದರು. 6,000ಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕ. ಮೊದಲ ಓದಿಗೆ ಖುಷಿಯ ಸುದ್ದಿ: ಸಿಗುವ ಮೀನಿನ ಸಂಖ್ಯೆ ಏರಿದೆ, ಸರಾಸರಿ ತೂಕ ಇಳಿದಿದೆ, ಅಂದರೆ ಮರಿಗಳು ಚೆನ್ನಾಗಿ ಬೆಳೆದು ಬರುತ್ತಿವೆ. ಆಮೇಲೆ ಜಾತಿವಾರು ಬೇರ್ಪಡಿಸಿ ನೋಡಿದರೆ, ಏರಿದ್ದೆಲ್ಲ ಹೊರಗಿನಿಂದ ತಂದು ಬಿಟ್ಟ ನೀಲಿ ಈಜುರೆಕ್ಕೆಯ ಮಹಶೀರ್. ಲೋಣಾವಳದ ಮರಿ ಕೇಂದ್ರದ ತಳಿ ಅದು. ಕಾವೇರಿಯದ್ದೇ ಆದ ಗೂನುಬೆನ್ನಿನ ಮಹಶೀರ್ ಕುಸಿಯುತ್ತಾ ಬಂದಿತ್ತು. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಗಿದ್ದೇ 2018ರಲ್ಲಿ, ಟೋರ್ ರೆಮಾದೇವಿ ಅಂತ. ಅದೇ ವರ್ಷ ಅಳಿವಿನಂಚಿನ ಅತಿ ಗಂಭೀರ ಪಟ್ಟಿಗೂ ಸೇರಿತು.

ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ ಬಿಡಿ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಆದರೆ ಮುಖ್ಯವಾದ ಒಂದು ಸರ್ವೀಸ್ ಸತ್ತು ಬಿದ್ದಿರುತ್ತೆ. ಎಲ್ಲ ಸೇರಿಸಿ ಒಂದೇ ನಂಬರ್ ಮಾಡಿದರೆ ಹೀಗೇ ಆಗೋದು.

ಹಾಗಾಗಿ ಗಾಳ ಬೇಕು ಅನ್ನೋರು, ಬೇಡ ಅನ್ನೋರು ಇಬ್ಬರ ವಾದವೂ ನನಗೆ ಅರ್ಧಂಬರ್ಧ ಅನಿಸುತ್ತೆ. ಗಾಳದವರು ತಮ್ಮನ್ನು ಮೀನಿನ ರಕ್ಷಕರು ಅಂದುಕೊಂಡರು. ಅವರ ಕಣ್ಣೆದುರೇ ಒಂದು ಮೀನು ಇನ್ನೊಂದರ ಜಾಗಕ್ಕೆ ಬಂದಿತ್ತು. ನಿಷೇಧದವರು ಗಾಳ ನಿಲ್ಲಿಸಿದರು. ಗಾಳದ ಜೊತೆ ಆ ದಾಖಲೆಯೂ ನಿಂತಿತು, ದಡ ಕಾಯುತ್ತಿದ್ದವರ ಸಂಬಳವೂ ನಿಂತಿತು. ತೋಟೆ ಹಾಕೋದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧವೇ. ಆದರೆ ರಾತ್ರಿ ತೋಟೆ ಸಿಡಿದರೆ ಸದ್ದು ಕೇಳಿಸಿಕೊಳ್ಳಲು ದಡದಲ್ಲಿ ಯಾರಾದರೂ ಇರಬೇಕಲ್ಲ?

ಇನ್ನೊಂದು ಮಾತು. ಈ ಮೀನಿಗೆ ಓಡುವ ನೀರು ಬೇಕು, ಕಲ್ಲುಹಾಸು ಬೇಕು. ಎರಡನ್ನೂ ತೀರ್ಮಾನಿಸೋದು ಗಾಳದವನಲ್ಲ, ಮೇಲಿನ ಅಣೆಕಟ್ಟಿನ ಗೇಟು. ಗಾಳದ ಮಟ್ಟಿಗೆ ಇಷ್ಟು ಕಟ್ಟುನಿಟ್ಟಾದ ನಾವು, ಇದೇ ಅಭಯಾರಣ್ಯದ ಒಂದು ಭಾಗ ಮುಳುಗಿಸುವ 67 ಟಿಎಂಸಿಯ ಮೇಕೆದಾಟು ಯೋಜನೆ ಮಾತು ಬಂದಾಗ ಮೀನಿನ ಹೆಸರು ಎತ್ತಲ್ಲ. ನಾನೂ ಎತ್ತಿರಲಿಲ್ಲ. ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುವ ಅದೇ ಕಾವೇರಿ ನೀರನ್ನೇ ನಾನೂ ಕುಡಿಯೋದು, ನೀವೂ ಕುಡಿಯೋದು.

ನನ್ನ ಮಟ್ಟಿಗೆ ಒಳ್ಳೇ ನಿಯಮ ಅಂದರೆ ಮೂರು ಕೆಲಸ ಮಾಡಬೇಕು. ಮೀನನ್ನು ಜಾತಿವಾರು ಎಣಿಸಬೇಕು. ಆ ಎಣಿಕೆಗೆ ನದಿ ಗೊತ್ತಿರುವ ದಡದ ಊರಿನವರನ್ನೇ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು. ಹೊರಗಿನ ಮರಿ ತಂದು ಸುರಿಯೋದನ್ನು ನಿಲ್ಲಿಸಬೇಕು. ಗಾಳಕ್ಕೆ ಪರ್ಮಿಟ್ ಕೊಡಬೇಕೋ ಬೇಡವೋ ಅನ್ನೋದು ಆಮೇಲಿನ ಮಾತು.

ಕೆರೆ ಏರಿಯ ಮೇಲೆ ಅವತ್ತು ಆ ಕಾವಲುಗಾರ ಕಡ್ಡಿ ಮುರಿಯೋಕೆ ಮೊದಲು "ಏನ್ ಮೀನ್ ಸಿಕ್ತೋ?" ಅಂತ ಒಂದು ಮಾತು ಕೇಳಿದ್ದರೆ, ಹೇಳ್ತಿದ್ದೆ. ನನಗೆ ಗೊತ್ತಿತ್ತು.