ಬ್ಯಾಜಟ್ಟನ ರಾಜ್ಯಾಂಗವಿಮರ್ಶೆ

ಪ್ರಜಾಪ್ರಭುತ್ವವೆಂಬ ಹೆಸರು ಒಂದೇ ಆದರೂ ಅದರ ರೂಪಗಳು ಒಂದಲ್ಲ. ಅಧ್ಯಕ್ಷನನ್ನೂ ಶಾಸನಸಭೆಯನ್ನೂ ಬೇರೆಬೇರೆಯಾಗಿ ಆರಿಸಿ, ಎರಡಕ್ಕೂ ನಿಯತವಾದ ಅವಧಿಯನ್ನು ಕೊಡುವುದು ಅಮೆರಿಕದ ಪದ್ಧತಿ. ಪ್ರಜೆಗಳು ಸಭೆಯನ್ನು ಮಾತ್ರ ಆರಿಸುವುದೂ, ಆ ಸಭೆಯ ವಿಶ್ವಾಸವಿರುವಷ್ಟು ಕಾಲವೇ ಮಂತ್ರಿಮಂಡಲವು ನಿಲ್ಲುವುದೂ ಇಂಗ್ಲೆಂಡಿನ ಪದ್ಧತಿ. ಇವೆರಡನ್ನೂ ಎದುರುಬದುರಾಗಿಟ್ಟು ಪರೀಕ್ಷಿಸಿದ ಗ್ರಂಥಗಳಲ್ಲಿ ವಾಲ್ಟರ್ ಬ್ಯಾಜಟ್ಟನ ‘ದಿ ಇಂಗ್ಲಿಷ್ ಕಾನ್ಸ್ಟಿಟ್ಯೂಷನ್’ ಇಂದಿಗೂ ಓದತಕ್ಕದ್ದು. ಅದು 1865ರಿಂದ ಬಿಡಿ ಲೇಖನಗಳಾಗಿ ಪ್ರಕಟವಾಗಿ, 1867ರಲ್ಲಿ ಪುಸ್ತಕರೂಪವನ್ನು ತಾಳಿತು.

ಅಧಿಕಾರಗಳ ವಿಭಜನೆಯೇ ಇಂಗ್ಲೆಂಡಿನ ರಾಜ್ಯಾಂಗದ ಗುಟ್ಟೆಂಬ ಮಾತು ಆಗ ರೂಢಿಯಲ್ಲಿತ್ತು. ಪತ್ರಿಕಾಸಂಪಾದಕನಾದ ಬ್ಯಾಜಟ್ಟನು ವ್ಯವಹಾರವನ್ನು ಕಣ್ಣಾರೆ ನೋಡಿ, ಗುಟ್ಟಿರುವುದು ವಿಭಜನೆಯಲ್ಲಲ್ಲ, ಕೂಟದಲ್ಲಿ ಎಂದನು; ಶಾಸನವನ್ನೂ ಆಡಳಿತವನ್ನೂ ಬೆಸೆಯುವ ಕೊಂಡಿಯೇ ಮಂತ್ರಿಮಂಡಲ. ಸಂಕಟಕಾಲದಲ್ಲಿ ನಾಯಕನನ್ನು ಬದಲಾಯಿಸಬಲ್ಲ ಶಕ್ತಿ ಈ ಪದ್ಧತಿಗುಂಟು, ಅಧ್ಯಕ್ಷಪದ್ಧತಿಗಿಲ್ಲ ಎಂಬುದು ಆತನ ವಾದ. ಅಮೆರಿಕದ ಇತಿಹಾಸವು ಇದಕ್ಕೆ ಸಾಕ್ಷಿ ನುಡಿಯುತ್ತದೆ. 1860ರ ನವೆಂಬರಿನಲ್ಲಿ ಚುನಾಯಿತನಾದ ಲಿಂಕನ್ನನು ಅಧಿಕಾರವನ್ನು ವಹಿಸಿದ್ದು 1861ರ ಮಾರ್ಚಿನಲ್ಲಿ. ಅಷ್ಟರೊಳಗೆ ಏಳು ರಾಜ್ಯಗಳು ಒಕ್ಕೂಟವನ್ನು ತೊರೆದುದಾಗಿ ಸಾರಿದವು. ಹೋಗತಕ್ಕವನಲ್ಲಿ ಬಲವಿರಲಿಲ್ಲ, ಬರತಕ್ಕವನಲ್ಲಿ ಅಧಿಕಾರವಿರಲಿಲ್ಲ.

ಇಂಗ್ಲೆಂಡಿನ ನಿದರ್ಶನವು ಗ್ರಂಥಕರ್ತನ ಕಾಲಾನಂತರದ್ದು. 1940ರ ಮೇ ತಿಂಗಳಲ್ಲಿ ನಾರ್ವೆಯ ಸೋಲನ್ನು ಕುರಿತು ಕಾಮನ್ಸ್ ಸಭೆಯಲ್ಲಿ ಚರ್ಚೆ ನಡೆದು, ಚೇಂಬರ್ಲೇನನ ಸರ್ಕಾರವು 81 ಮತಗಳಿಂದ ಗೆದ್ದಿತು. ಆದರೂ ಸ್ವಪಕ್ಷದ ಹಲವರು ವಿರೋಧವಾಗಿ ಮತವಿತ್ತುದರಿಂದ ಆತನ ಗೌರವವು ಕುಂದಿತು. ಮೇ 10ರಂದು ಚರ್ಚಿಲ್ಲನು ಪ್ರಧಾನಿಯಾದನು. ಮಹಾಚುನಾವಣೆಯು ನಡೆಯಲಿಲ್ಲ.

ಇಷ್ಟನ್ನೊಪ್ಪಿದರೂ ಗ್ರಂಥದಲ್ಲಿ ಒಂದು ಕೊರತೆಯು ಕಾಣುತ್ತದೆ. 1872ರ ಮುದ್ರಣದ ಪೀಠಿಕೆಯಲ್ಲಿ ಬ್ಯಾಜಟ್ಟನು ಮತದಾನದ ಹಕ್ಕು ವಿಸ್ತಾರವಾದುದಕ್ಕೆ ಅಂಜುತ್ತಾನೆ. ಆತನು ಅಪಾಯವನ್ನು ಸಾಮಾನ್ಯ ಮತದಾರನಲ್ಲಿ ಹುಡುಕಿದನು. ಪಕ್ಷದ ಆಜ್ಞೆಯು ಸಭಾಸದನ ನಾಲಗೆಯನ್ನು ಕಟ್ಟಬಹುದೆಂಬುದಕ್ಕೆ ತಕ್ಕಷ್ಟು ಗಮನವನ್ನು ಕೊಡಲಿಲ್ಲ.

ನಮಗೆ ಮುಖ್ಯವಾದುದು ಇದೇ. 1948ರ ನವೆಂಬರ್ 4ರಂದು ಡಾ. ಅಂಬೇಡ್ಕರರು ಸಂವಿಧಾನಸಭೆಯಲ್ಲಿ ಎರಡು ಪದ್ಧತಿಗಳನ್ನೂ ತೂಗಿ, ಅಮೆರಿಕದ್ದರಲ್ಲಿ ಸ್ಥಿರತೆಯೂ ಇಂಗ್ಲೆಂಡಿನದರಲ್ಲಿ ಹೊಣೆಗಾರಿಕೆಯೂ ಹೆಚ್ಚೆಂದು ತೋರಿಸಿ, ಹೊಣೆಗಾರಿಕೆಯ ಪಕ್ಷವನ್ನು ಹಿಡಿದರು. ಸಭೆಯು ಸರ್ಕಾರವನ್ನು ದಿನದಿನವೂ ವಿಚಾರಿಸುವುದೆಂಬ ನಂಬಿಕೆಯೇ ಅದಕ್ಕೆ ಆಧಾರ. ಆದರೆ 1985ರಲ್ಲಿ ಸಂವಿಧಾನಕ್ಕೆ ಸೇರಿದ ಪಕ್ಷಾಂತರನಿಷೇಧದ ಪ್ರಕಾರ, ಪಕ್ಷದ ಆಜ್ಞೆಯನ್ನು ಮೀರಿ ಮತವಿತ್ತ ಸದಸ್ಯನು, ಪಕ್ಷವು ಮನ್ನಿಸದಿದ್ದರೆ, ತನ್ನ ಸ್ಥಾನವನ್ನು ಕಳೆದುಕೊಳ್ಳಬೇಕಾಗುತ್ತದೆ. ಪದವಿಯಾಸೆಯಿಂದ ಪಕ್ಷ ಬದಲಿಸುವ ಚಾಳಿಯನ್ನು ತಡೆಯಲು ಬಂದ ಕಟ್ಟಳೆಯಿದು, ಉದ್ದೇಶವು ಸಾಧುವಾದುದೇ. ಆದರೂ 1940ರ ಆ ಸದಸ್ಯರು ನಮ್ಮಲ್ಲಿದ್ದಿದ್ದರೆ ಅವರ ಸ್ಥಾನಗಳೇ ಅಪಾಯಕ್ಕೊಳಗಾಗುತ್ತಿದ್ದವು. ಅಮೆರಿಕದ ಸದಸ್ಯನಾದರೋ ತನ್ನ ಪಕ್ಷದ ಅಧ್ಯಕ್ಷನಿಗೆ ವಿರೋಧವಾಗಿ ಮತವಿತ್ತರೂ ಅವಧಿ ಮುಗಿಯುವ ತನಕ ತನ್ನ ಸ್ಥಾನದಲ್ಲಿರುತ್ತಾನೆ.

ಹೀಗಿರುವಲ್ಲಿ, ಸ್ಥಿರತೆಯನ್ನು ಬಿಟ್ಟುಕೊಟ್ಟು ನಾವು ಕೊಂಡ ಹೊಣೆಗಾರಿಕೆಯು ಪೂರ್ತಿಯಾಗಿ ನಮ್ಮ ಕೈಸೇರಿದೆಯೇ ಎಂದು ಕೇಳಬೇಕಾಗುತ್ತದೆ. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ವಾಚಕರು ಬ್ಯಾಜಟ್ಟನನ್ನು ಓದಲಿ.