ಕೂಲಿಯ ಕತ್ತಿ: ವೆಸ್ಟರ್ನ್ ಕಥಾಹಂದರ ಮತ್ತು ‘ಒಂದಾನೊಂದು ಕಾಲದಲ್ಲಿ’

ಹಾಲಿವುಡ್ಡಿನ ವೆಸ್ಟರ್ನ್ ಚಿತ್ರಪ್ರಕಾರದ ಕಥಾಹಂದರ ಸರಳವಾದುದು. ಕಾನೂನು ನೆಲೆಯೂರದ ಸೀಮೆಗೆ ಅಪರಿಚಿತ ಯೋಧನೊಬ್ಬ ಬರುತ್ತಾನೆ, ದುರ್ಬಲರ ಪರವಾಗಿ ಆಯುಧ ಹಿಡಿಯುತ್ತಾನೆ, ತಾನು ಉಳಿಸಿದ ಊರಿನಲ್ಲಿ ನೆಲೆಸಲಾರದೆ ಹೊರಟುಹೋಗುತ್ತಾನೆ. ಜಾರ್ಜ್ ಸ್ಟೀವನ್ಸ್ ನಿರ್ದೇಶನದ ‘ಶೇನ್’ (1953) ಚಿತ್ರದ ಅಂತ್ಯದಲ್ಲಿ ಬಾಲಕನ ಕೂಗು ಕೇಳಿಯೂ ಹಿಂದಿರುಗದ ಸವಾರನ ದೃಶ್ಯ ಈ ಪ್ರಕಾರದ ಸಾರವೇ ಆಗಿದೆ.

ಇಂಥ ಕಥನಗಳು ಒಂದೇ ದೇಶದ ಸೊತ್ತಾಗಿ ಉಳಿಯಲಿಲ್ಲ. ಜಾನ್ ಫೋರ್ಡ್ ಅವರ ಚಿತ್ರಗಳನ್ನು ಮೆಚ್ಚಿದ್ದ ಜಪಾನಿನ ಅಕಿರ ಕುರೊಸಾವ ‘ಸೆವೆನ್ ಸಮುರಾಯ್’ (1954) ರೂಪಿಸಿದರು. ಹಾಲಿವುಡ್ ಅದನ್ನು ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ (1960) ಆಗಿ ಮರಳಿ ತನ್ನದಾಗಿಸಿಕೊಂಡಿತು. ಹಳ್ಳಿಯ ರಕ್ಷಣೆಗೆ ಯೋಧರನ್ನು ಕೂಲಿಗೆ ಕರೆತರುವ ಅದೇ ಸೂತ್ರ ಹಿಂದಿಯ ‘ಶೋಲೆ’ಯಲ್ಲಿ (1975) ರಾಮನಗರದ ಬಂಡೆಗಳ ನಡುವೆ ಮರುಹುಟ್ಟು ಪಡೆಯಿತು. ಅಲ್ಲಿ ಕರ್ನಾಟಕ ಒದಗಿಸಿದ್ದು ಭೂದೃಶ್ಯವನ್ನು ಮಾತ್ರ. ಈ ಸೂತ್ರವನ್ನು ಕನ್ನಡದ ನೆಲೆಯಿಂದ ಪ್ರಶ್ನಿಸಿದ್ದು ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978).

ಮಧ್ಯಕಾಲೀನ ಕರ್ನಾಟಕದಲ್ಲಿ ನಡೆಯುವ ಈ ಚಿತ್ರದ ನಾಯಕ ಗಂಡುಗಲಿ (ಶಂಕರ್ ನಾಗ್) ಕೂಲಿಗೆ ಕಾದುವ ಯೋಧ. ದಾಯಾದಿ ಕಲಹದಲ್ಲಿ ತೊಡಗಿದ ಸೋದರ ನಾಯಕರಲ್ಲೊಬ್ಬನ ಬಳಿ ಅವನು ಸೇರುತ್ತಾನೆ. ಎದುರು ಪಾಳೆಯದಲ್ಲಿ ಪೆರ್ಮಾಡಿ (ಸುಂದರಕೃಷ್ಣ ಅರಸ್) ಇದ್ದಾನೆ. ಕಡೆಗೆ ಈ ಇಬ್ಬರು ಎದುರಾಳಿಗಳೇ ಕೈಜೋಡಿಸುತ್ತಾರೆ. ಕುರೊಸಾವರ ಪ್ರಭಾವ ಇಲ್ಲಿ ಸ್ಪಷ್ಟ. ಆದರೆ ಅದನ್ನು ಅನುಕರಣೆಯೆಂದು ಕರೆದು ಸುಮ್ಮನಾದರೆ ಚಿತ್ರದ ಮುಖ್ಯ ಪಲ್ಲಟವೇ ಕಣ್ತಪ್ಪುತ್ತದೆ.

ವೆಸ್ಟರ್ನ್ ನಾಯಕನ ಹಿಂಸೆಗೆ ನೈತಿಕ ಸಮರ್ಥನೆ ದೊರೆಯುವುದು ಅವನು ಕಾಯುವ ಊರಿನಿಂದ. ಕಾರ್ನಾಡರ ಯೋಧರಿಗೆ ಕಾಯಲು ಅಂಥ ಊರಿಲ್ಲ. ಇರುವವರು ಅನ್ನವಿಕ್ಕಿದ ಒಡೆಯರು ಮಾತ್ರ. ಹೀಗಾಗಿ ಪ್ರಶ್ನೆ ಕೇಡಿಗನನ್ನು ಮಣಿಸುವುದರಿಂದ ಸ್ವಾಮಿನಿಷ್ಠೆಯತ್ತ ತಿರುಗುತ್ತದೆ. ಉಂಡ ಜೋಳದ ಋಣಕ್ಕೆ ಪ್ರಾಣ ತೆರುವ ‘ಜೋಳವಾಳಿ’ಯನ್ನು ಹಳಗನ್ನಡ ಕಾವ್ಯ ಗೌರವಿಸಿತು, ಕಾಳಗದಲ್ಲಿ ಮಡಿದವರನ್ನು ವೀರಗಲ್ಲುಗಳು ಸ್ವರ್ಗಕ್ಕೇರಿಸಿದವು. ಒಡೆಯನೇ ಅಯೋಗ್ಯನಾದಾಗ ಆ ಋಣದ ಗತಿಯೇನು ಎಂಬುದು ಚಿತ್ರದ ಕೇಳ್ವಿ. ಶತ್ರುವಿನ ಆಳಿನಲ್ಲೇ ತನ್ನ ಸಮಾನನನ್ನು ಗುರುತಿಸುವುದು ಅದಕ್ಕೆ ದೊರೆತ ಉತ್ತರ.

1979ರ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶಂಕರ್ ನಾಗ್ ಈ ಪಾತ್ರಕ್ಕಾಗಿ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ಆದರೆ ಚಿತ್ರದ ಮಹತ್ವ ಪ್ರಶಸ್ತಿಯಾಚೆಗಿನದು. ಹೊರಗಿನಿಂದ ಬಂದ ಕಥಾಹಂದರವೊಂದು ನಾಡಿನ ವೀರಪರಂಪರೆಯನ್ನು ಮೆರೆಸುವುದಕ್ಕಲ್ಲದೆ ಅದರ ವಿಚಾರಣೆಗೂ ಸಾಧನವಾಗಬಲ್ಲದೆಂಬುದನ್ನು ಅದು ತೋರಿಸಿಕೊಟ್ಟಿತು.