ನೆರಳು ನೋಡಲು ಕಲಿತವರಿಗೆ ಭಾವಚಿತ್ರ

1941ರ ಡಿಸೆಂಬರ್ 30, ಒಟ್ಟಾವಾದ ಸಂಸತ್ ಭವನ. ಭಾಷಣ ಮುಗಿಸಿ ಬಂದ ಬ್ರಿಟನ್ ಪ್ರಧಾನಿ ಚರ್ಚಿಲ್ ಸಿಗಾರ್ ಬಿಡಲೊಲ್ಲರು. ಕ್ಷಮೆ ಕೇಳುತ್ತಲೇ ಅದನ್ನು ಬಾಯಿಂದ ಕಿತ್ತುಕೊಂಡ ಫೋಟೋಗ್ರಾಫರ್ ಯೂಸುಫ್ ಕಾರ್ಶ್, ಹುಬ್ಬು ಗಂಟಿಕ್ಕಿದ ಆ ಮುಖವನ್ನು ಸೆರೆಹಿಡಿದರು. ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ಕಾರ್ಶ್ ಹಿಂದಿನ ಸಂಜೆಯೇ ದೀಪಗಳನ್ನು ಹೊಂದಿಸಿಟ್ಟಿದ್ದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಸ್ಟುಡಿಯೋ ಭಾವಚಿತ್ರ ಸವಿಯಲು ಹೊರಟವರು ಮೊದಲು ಕಣ್ಣಪಾಪೆಯಲ್ಲಿ ಮಿನುಗುವ ಬಿಳಿ ಚುಕ್ಕಿಯನ್ನು ಹುಡುಕಬೇಕು. ಅದು ಬೆಳಕಿನ ಮೂಲದ ಪ್ರತಿಬಿಂಬ. ಚೌಕವಾಗಿದ್ದರೆ ಸಾಫ್ಟ್‌ಬಾಕ್ಸ್ ಅಥವಾ ಕಿಟಕಿ. ದುಂಡಗಿದ್ದರೆ ಬಹುಶಃ ದೀಪಕ್ಕೆ ಹಿಡಿದ ಛತ್ರಿ.

ಆಮೇಲೆ ಮೂಗಿನ ನೆರಳು. ಅದು ಮೂಗಿನ ಕೆಳಗೆ ಚಿಟ್ಟೆಯಂತೆ ಕೂತಿದ್ದರೆ ದೀಪ ಎದುರಿಗೆ, ಎತ್ತರದಲ್ಲಿತ್ತು. 1930ರ ದಶಕದ ಹಾಲಿವುಡ್‌ನಲ್ಲಿ ನಟಿ ಮಾರ್ಲೀನ್ ಡೀಟ್ರಿಚ್ ಅವರ ಕೆನ್ನೆಮೂಳೆಗಳನ್ನು ಎತ್ತಿ ತೋರಿಸಿದ್ದು ಇದೇ ಬೆಳಕು. ನೆರಳು ಓರೆಯಾಗಿ ಚಾಚಿ ಕೆನ್ನೆಯ ಕತ್ತಲನ್ನು ಕೂಡಿಕೊಂಡು, ಕಣ್ಣ ಕೆಳಗೆ ಬೆಳಕಿನ ತ್ರಿಕೋನವೊಂದು ಉಳಿದರೆ ಅದು ರೆಂಬ್ರಾಂಟ್ ಲೈಟಿಂಗ್. ಹೆಸರು 17ನೇ ಶತಮಾನದ ಡಚ್ ಚಿತ್ರಕಾರನದು.

ಕಸುಬು ಗೊತ್ತಾಗುವುದು ನೆರಳಿನ ಅಂಚಿನಲ್ಲಿ. ದೀಪದ ಪವರ್ ಇಳಿಸಿದರೆ ಬೆಳಕು ಮೃದುವಾಗುತ್ತದೆಂದು ಹೊಸಬರು ನಂಬಿರುತ್ತಾರೆ. ಹಾಗಾಗುವುದಿಲ್ಲ, ಬರೀ ಮಂಕಾಗುತ್ತದೆ. ಮುಖದಿಂದ ನೋಡಿದಾಗ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೋ ನೆರಳಿನ ಅಂಚು ಅಷ್ಟು ಮೆತ್ತಗೆ. ಆದ್ದರಿಂದಲೇ ಛತ್ರಿಯನ್ನು ಹತ್ತಿರ ಎಳೆಯುವುದು. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುವುದರಿಂದ, ಹೀಗೆ ಎಳೆದಾಗ ಹಿಂದಿನ ಬಿಳಿಗೋಡೆಯೂ ಬೂದಿಬಣ್ಣಕ್ಕೆ ತಿರುಗುತ್ತದೆ.

ಕ್ಯಾಮೆರಾದ ಲೆಕ್ಕ ಇಷ್ಟು ಕಷ್ಟವಿಲ್ಲ. ಐಎಸ್ಒ 100, ಅಪರ್ಚರ್ ಎಫ್ 8, ಶಟರ್ 1/125 ಇಟ್ಟುಕೊಂಡು ಶುರು ಮಾಡಬಹುದು. ಫ್ಲಾಶ್ ಮಿಂಚಿ ಮುಗಿಯುವುದು ಶಟರ್ ತೆರೆದಿರುವ ಅವಧಿಯ ಒಂದು ಚೂರಿನಲ್ಲಿ; ಹಾಗಾಗಿ ಅದರ ಬೆಳಕನ್ನು ಹೆಚ್ಚುಕಡಿಮೆ ಮಾಡಲು ಅಪರ್ಚರ್ ತಿರುಗಿಸಬೇಕು. ಮೂಗು ಉಬ್ಬಿ ಕಂಡರೆ ಫೋಟೋಗ್ರಾಫರ್ ತೀರಾ ಹತ್ತಿರ ನಿಂತಿದ್ದಾರೆ ಎಂದರ್ಥ. 85 ಎಂಎಂ ಲೆನ್ಸ್ ಅವರನ್ನು ತಾನಾಗಿಯೇ ಹಿಂದೆ ಸರಿಸುತ್ತದೆ.

ಬೆಲೆಬಾಳುವ ಸಾಮಾನು ಬೇಕೇಬೇಕು ಎನ್ನುವವರು 1959ರ ಹಿಂದಿ ಚಿತ್ರ 'ಕಾಗಜ್ ಕೇ ಫೂಲ್' ನೋಡಲಿ. ಅದರ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿ ಸ್ಟುಡಿಯೋದೊಳಕ್ಕೆ ಇಳಿಬಿಟ್ಟ ಆ ಪ್ರಸಿದ್ಧ ಬೆಳಕಿನ ಕೋಲು, ಕನ್ನಡಿಗಳಿಂದ ತಿರುಗಿಸಿ ತಂದ ಬರೀ ಬಿಸಿಲು.

ಈಗಿನ ಸೆಲ್ಫಿಗಳ ಕಣ್ಣಲ್ಲಿ ಕಾಣುವುದು ಬಿಳಿ ಬಳೆ, ಅಂದರೆ ರಿಂಗ್ ಲೈಟ್. ಲೆನ್ಸಿನ ಸುತ್ತಲಿಂದಲೇ ಬೆಳಕು ಬೀಳುವುದರಿಂದ ಮೂಗಿಗೆ ನೆರಳೇ ಇಲ್ಲ, ಮುಖ ಚಪ್ಪಟೆ. ರೀಲ್ಸ್‌ಗೆ ಅಷ್ಟು ಸಾಕು, ಭಾವಚಿತ್ರಕ್ಕೆ ಸಾಲದು.